ಹೆದ್ದಾರಿಯ ಋಣ

ಕನ್ನಡದ 'ದಾರಿ' ಎಂಬ ಮಾತಿಗೆ ನೆಲದ ಮೇಲೆ ಹರಿದುಹೋಗುವ ಹಾದಿ ಎಂಬಷ್ಟೇ ಅರ್ಥವಿಲ್ಲ. ಕೆಟ್ಟು ಹೋದವನನ್ನು ಕುರಿತು 'ದಾರಿ ತಪ್ಪಿದ' ಎನ್ನುತ್ತೇವೆ; ತಿದ್ದಿಕೊಂಡವನನ್ನು 'ದಾರಿಗೆ ಬಂದ' ಎನ್ನುತ್ತೇವೆ. ಅನ್ಯಾಯದ ಗಳಿಕೆಗೆ 'ಅಡ್ಡದಾರಿ' ಎಂದು ಹೆಸರು. ಮಗಳ ಓದೋ ಮಗನ ಉದ್ಯೋಗವೋ ಒಂದು ನೆಲೆಗೆ ಬಂದಾಗ 'ಸದ್ಯ, ಒಂದು ದಾರಿಯಾಯಿತು' ಎಂದು ಉಸಿರು ಬಿಡುತ್ತೇವೆ. ಹಳಗನ್ನಡದಲ್ಲಿ ಇದೇ ದಾರಿಗೆ 'ಬಟ್ಟೆ' ಎಂಬ ಹೆಸರೂ ಇತ್ತು. ಊರಿನ ಎಲ್ಲೆಯನ್ನು ಹೇಳುವ ಶಾಸನಗಳಲ್ಲಿ 'ಹೆಬ್ಬಟ್ಟೆ' ಎಂಬ ಮಾತು ಬರುತ್ತದೆ. ಹಿರಿದಾದ ಬಟ್ಟೆ ಹೆಬ್ಬಟ್ಟೆ. ಹಿರಿದಾದ ದಾರಿ ಹೆದ್ದಾರಿ. 'ಹಿರಿದು' ಎನ್ನುವಾಗ ನಮ್ಮ ಭಾಷೆ ಅಗಲವನ್ನು ಹೇಳುತ್ತದೆ, ಜೊತೆಗೆ ಹಿರಿತನವನ್ನೂ ಹೇಳುತ್ತದೆ. ಮನೆಯಲ್ಲಿ ಹಿರಿಯನಾದವನಿಗೆ ಕಿರಿಯರ ಹೊಣೆಯಿರುವಂತೆ ಹಿರಿದಾದ ದಾರಿಗೂ ಏನಾದರೊಂದು ಹೊಣೆಯಿರಬೇಡವೆ?

ಮಾತಿನಲ್ಲಿ ದಾರಿಗೆ ಇಷ್ಟು ನೀತಿಯನ್ನು ತುಂಬಿರುವ ನಾವು, ಕಲ್ಲು ಜಲ್ಲಿ ಡಾಂಬರುಗಳ ದಾರಿಯ ವಿಷಯ ಬಂದಾಗ ಮಾತ್ರ ನೀತಿಯ ಪ್ರಶ್ನೆಯನ್ನು ಎತ್ತುವುದಿಲ್ಲ. ಎಷ್ಟು ಕಿಲೋಮೀಟರು, ಎಷ್ಟು ಕೋಟಿ, ಎಷ್ಟು ಗಂಟೆಯ ಉಳಿತಾಯ ಎಂದು ಕೇಳಿ ಸುಮ್ಮನಾಗುತ್ತೇವೆ. ಉಳಿದುದೆಲ್ಲ ಎಂಜಿನಿಯರುಗಳಿಗೂ ಕಂಟ್ರಾಕ್ಟರುಗಳಿಗೂ ಸೇರಿದ್ದೆಂದು ನಮ್ಮ ಭಾವನೆ. ಆದರೆ ಹೆದ್ದಾರಿಯೆಂದರೆ ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಕೊಡುವ ಕೆಲಸ. ನೆಲ ಕೊಟ್ಟವನು ಒಬ್ಬ. ಅದರ ಮೇಲೆ ಓಡುವವನು ಮತ್ತೊಬ್ಬ. ಇವರಿಬ್ಬರು ಒಬ್ಬರ ಮುಖವನ್ನೊಬ್ಬರು ನೋಡುವುದೂ ಇಲ್ಲ. ಹಾಗಿರುವಾಗ ಓಡುವವನಿಗೂ ಕೊಟ್ಟವನಿಗೂ ಇರುವ ಸಂಬಂಧವೇನು? ಈ ಲೇಖನದ ವಿಷಯ ಇಷ್ಟೇ.

ಮೊದಲು ಹೆದ್ದಾರಿಗಳ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡುವುದು ನ್ಯಾಯ. 1943ರಲ್ಲಿ ಅಂದಿನ ಪ್ರಾಂತಗಳ ಮತ್ತು ಸಂಸ್ಥಾನಗಳ ಮುಖ್ಯ ಎಂಜಿನಿಯರುಗಳು ನಾಗಪುರದಲ್ಲಿ ಸೇರಿ ಇಡೀ ದೇಶಕ್ಕೆ 20 ವರ್ಷಗಳ ರಸ್ತೆ ಯೋಜನೆಯೊಂದನ್ನು ರೂಪಿಸಿದರು. ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿಯ ರಸ್ತೆ ಎಂಬ ವಿಂಗಡಣೆ ನೆಲೆಗೊಂಡದ್ದು ಅಲ್ಲಿ. 1951ರಲ್ಲಿ ನಮ್ಮ ರಾಷ್ಟ್ರೀಯ ಹೆದ್ದಾರಿಗಳ ಒಟ್ಟು ಉದ್ದ 20 ಸಾವಿರ ಕಿಲೋಮೀಟರಿನ ಆಸುಪಾಸಿನಲ್ಲಿತ್ತು. 2023ರ ಹೊತ್ತಿಗೆ ಅದು ಸುಮಾರು 1 ಲಕ್ಷ 46 ಸಾವಿರಕ್ಕೆ ಏರಿತು. ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತ್ತಗಳನ್ನು ಹೆಣೆಯುವ 5,846 ಕಿಲೋಮೀಟರಿನ ಸುವರ್ಣ ಚತುಷ್ಪಥ ನಮ್ಮ ಕಣ್ಣೆದುರಿಗೇ ಆಯಿತು. ದೇಶದ ರಸ್ತೆಗಳ ಒಟ್ಟು ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ನೂರಕ್ಕೆ ಸುಮಾರು ಎರಡು. ರಸ್ತೆಯ ಮೇಲಿನ ಸಂಚಾರದಲ್ಲಿ ಅವು ಹೊರುವ ಭಾರ ನೂರಕ್ಕೆ ಸುಮಾರು ನಲವತ್ತು. ಇಷ್ಟು ಕಡಮೆ ಉದ್ದದ ದಾರಿ ಇಷ್ಟು ಹೆಚ್ಚಿನ ಭಾರವನ್ನು ಹೊರುವುದಾದರೆ ಅದನ್ನು ಬಲಪಡಿಸಿದ್ದು ತಪ್ಪೆಂದು ಯಾವ ವಿವೇಕಿಯೂ ಹೇಳಲಾರ.

ಅಂಕಿಗಳನ್ನು ಬಿಟ್ಟು ನೋಡಿದರೂ ಉಪಕಾರ ಸ್ಪಷ್ಟವಾಗಿದೆ. ಕೋಲಾರದ ಟೊಮೇಟೊ ಬಾಡುವ ಮುನ್ನ ಮಾರುಕಟ್ಟೆಗೆ ಸೇರುವುದು, ನೋವು ಕಾಣಿಸಿಕೊಂಡ ಬಸುರಿ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟುವುದು, ಊರಿನಲ್ಲಿ ಕೆಲಸ ಸಿಗದ ತರುಣ ಬೇರೆ ಊರಿನಲ್ಲಿ ದುಡಿದು ಸಂಜೆಗೆ ಮನೆಗೆ ಮರಳುವುದು, ಇವೆಲ್ಲ ರಸ್ತೆಯಿಂದ. ನಾನು ಪಾಠ ಹೇಳುವ ತರಗತಿಯಲ್ಲಿ ಹಳ್ಳಿಗಳಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವ ಹೆಣ್ಣುಮಕ್ಕಳಿದ್ದಾರೆ. ಅವರ ತಾಯಂದಿರಲ್ಲಿ ಎಷ್ಟೋ ಜನಕ್ಕೆ ಹೈಸ್ಕೂಲಿನ ಮೆಟ್ಟಿಲು ಹತ್ತುವುದೂ ಆಗಿರಲಿಲ್ಲ. ನಡುವೆ ಬಂದುದು ಬುದ್ಧಿಯ ವ್ಯತ್ಯಾಸವಲ್ಲ. ಹೊತ್ತಿಗೆ ಬಂದು ಹೊತ್ತಿಗೆ ಬಿಡುವ ಒಂದು ಬಸ್ಸು. ಹೆದ್ದಾರಿಯನ್ನು ಕಂಡು ಮೂಗು ಮುರಿಯುವವರು ಈ ಮಕ್ಕಳ ಮುಂದೆ ನಿಂತು ಮಾತಾಡಬೇಕು.

ಇನ್ನು ಕೆಲವರು ಹಳೆಯ ದಾರಿಗಳನ್ನು ನೆನೆದು ಮರುಗುತ್ತಾರೆ. ಸಾಲುಮರಗಳ ನೆರಳು, ಬೇಸಗೆಯಲ್ಲಿ ನೀರು ಮಜ್ಜಿಗೆ ಕೊಡುವ ಅರವಟ್ಟಿಗೆ, ರಾತ್ರಿ ತಂಗಲು ಛತ್ರ, ಹೊರೆ ಇಳಿಸಲು ಹೊರೆಗಲ್ಲು: ಇವೆಲ್ಲ ಇದ್ದ ದಾರಿಗಳು ನಿಜವಾಗಿಯೂ ಚೆಲುವಾಗಿದ್ದವು. ಅರವಟ್ಟಿಗೆ ಎಂಬ ಮಾತಿನ ಮೊದಲಿಗಿರುವ 'ಅರ' ಧರ್ಮವೆಂಬ ಅರ್ಥದ ಹಳೆಯ ಪದ. ದಾರಿಹೋಕನಿಗೆ ನೀರು ಕೊಡುವುದು ಧರ್ಮವೆಂದು ತಿಳಿದ ಜನ ನಮ್ಮವರು. ಆದರೆ ಆ ನೀರನ್ನು ಯಾರ ಕೈಗೆ ಕೊಡುತ್ತಿದ್ದರು, ಯಾರ ಬೊಗಸೆಗೆ ಎತ್ತರದಿಂದ ಸುರಿಯುತ್ತಿದ್ದರು ಎಂಬುದನ್ನೂ ನೆನೆಯಬೇಕು. ಕೆಲವು ದಾರಿಗಳಲ್ಲಿ ಕೆಲವರು ಕಾಲಿಡುವಂತೆಯೇ ಇರಲಿಲ್ಲ. ತಿರುವಾಂಕೂರಿನ ವೈಕಂನಲ್ಲಿ 1924ರಲ್ಲಿ ಆರಂಭವಾದ ಸತ್ಯಾಗ್ರಹ ದೇವಾಲಯದ ಒಳಗೆ ಹೋಗುವುದಕ್ಕಾಗಿ ನಡೆದುದಲ್ಲ. ದೇವಾಲಯದ ಸುತ್ತಲಿನ ರಸ್ತೆಗಳಲ್ಲಿ ನಡೆದಾಡುವ ಹಕ್ಕಿಗಾಗಿ ನಡೆದದ್ದು. ಸುಮಾರು 20 ತಿಂಗಳು ಮಳೆ ಬಿಸಿಲುಗಳಲ್ಲಿ ನಿಂತ ಮೇಲೆ ನಾಲ್ಕರಲ್ಲಿ ಮೂರು ಬದಿಯ ರಸ್ತೆಗಳು ಎಲ್ಲರಿಗೂ ತೆರೆದವು. ಒಂದು ಬದಿ ಆಗಲೂ ಮುಚ್ಚಿಯೇ ಉಳಿಯಿತು.

ನಮ್ಮ ಸಂವಿಧಾನದ 15ನೆಯ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೆ ರಸ್ತೆಯನ್ನೂ ಹೆಸರಿಸಿ, ಜಾತಿ ಮತ ಲಿಂಗಗಳ ಕಾರಣದಿಂದ ಯಾರನ್ನೂ ಅಲ್ಲಿಂದ ದೂರವಿಡಕೂಡದೆಂದು ವಿಧಿಸಿರುವುದು ಈ ಹಿನ್ನೆಲೆಯಲ್ಲಿ. ಓದಿದಾಗ ಬಹು ಸಾಧಾರಣವಾಗಿ ಕಾಣುವ ಆ ಒಂದು ಪದದ ಹಿಂದೆ ತಲೆತಲಾಂತರದ ಅವಮಾನವಿದೆ. ಹೊಸ ಹೆದ್ದಾರಿ ಯಾರ ಜಾತಿಯನ್ನೂ ಕೇಳುವುದಿಲ್ಲ. ಹಳ್ಳಿಯೊಳಗಿನ ಓಣಿಯಲ್ಲಿ ತಲೆ ತಗ್ಗಿಸಿ ನಡೆಯಬೇಕಾಗಿದ್ದವನು ಹೆದ್ದಾರಿಗೆ ಬಂದು ಬಸ್ಸು ಹತ್ತಿದ ಕ್ಷಣ ಹತ್ತರಲ್ಲಿ ಒಬ್ಬನಾಗುತ್ತಾನೆ. ಇದು ಸಣ್ಣ ಬಿಡುಗಡೆಯಲ್ಲ. ಹಳೆಯ ದಾರಿಯ ನೆರಳು ನಮಗೆ ಬೇಕು. ಅದರ ಕಟ್ಟುಪಾಡು ಬೇಡ.

ಹೀಗೆ ಹೆದ್ದಾರಿ ಬೇಕೆಂದು ಒಪ್ಪಿಕೊಂಡ ಮೇಲೆಯೇ ನಿಜವಾದ ಪ್ರಶ್ನೆ ಎದುರಾಗುತ್ತದೆ. ಎಲ್ಲ ದಾರಿಗೂ ಉದ್ದವಿದೆ, ಅಗಲವಿದೆ. ಪ್ರಯಾಣಿಕನಿಗೆ ಕಾಣುವುದು ಉದ್ದ. ಬೆಂಗಳೂರಿನಲ್ಲಿ ಕಾರು ಹತ್ತಿದವನಿಗೆ ಪುಣೆಯೋ ಹೈದರಾಬಾದೋ ಎಷ್ಟು ಹೊತ್ತಿಗೆ ಬರುವುದೆಂಬುದೇ ಲೆಕ್ಕ. ದಾರಿಯ ಪಕ್ಕದಲ್ಲಿ ಬಾಳುವವನಿಗೆ ಕಾಣುವುದು ಅಗಲ. ಅವನು ಅದರ ಮೇಲೆ ಹೋಗುವುದು ವಾರಕ್ಕೊಮ್ಮೆ ಇದ್ದೀತು. ಅದನ್ನು ದಾಟುವುದು ದಿನಕ್ಕೆ ನಾಲ್ಕು ಸಲ. ಮನೆ ಈಚೆ, ಹೊಲ ಆಚೆ. ಕೊಟ್ಟಿಗೆ ಈಚೆ, ಕೆರೆ ಆಚೆ. ಮಕ್ಕಳು ಈಚೆ, ಶಾಲೆ ಆಚೆ. ದಾರಿ ಕಿರಿದಾಗಿದ್ದಾಗ ಈ ಎರಡು ಬದಿಗಳೂ ಸೇರಿ ಒಂದು ಊರಾಗಿತ್ತು. ದಾರಿ ಆರು ಪಥಗಳಾಗಿ, ನಡುವೆ ಡಿವೈಡರ್ ಎದ್ದು, ಅಂಚಿಗೆ ಬೇಲಿ ಬಂದಾಗ ಅದೇ ಊರು ಎರಡು ದಡಗಳಾಗುತ್ತದೆ. ಹೊಳೆಯಾದರೆ ಬೇಸಗೆಯಲ್ಲಿ ಬತ್ತೀತು. ಈ ಹೊಳೆಗೆ ಬೇಸಗೆಯೆಂಬುದಿಲ್ಲ. ಮೇಲೆ ಹೇಳಿದ ಹೆಣ್ಣುಮಕ್ಕಳನ್ನೇ ನೋಡಿ. ಅವರನ್ನು ಕಾಲೇಜಿಗೆ ತಂದು ಸೇರಿಸುವುದು ಹೆದ್ದಾರಿಯ ಉದ್ದ. ಸಂಜೆ ಬಸ್ಸಿಳಿದ ಮೇಲೆ ಅವರಿಗೂ ಅವರ ಮನೆಗೂ ನಡುವೆ ನಿಲ್ಲುವುದು ಅದೇ ಹೆದ್ದಾರಿಯ ಅಗಲ.

ನಾಗಪುರದ ಎಂಜಿನಿಯರುಗಳು ಈ ಅಗಲದ ದೃಷ್ಟಿಯನ್ನು ಪೂರ್ತಿ ಮರೆತಿರಲಿಲ್ಲ. ಸಾಗುವಳಿ ಚೆನ್ನಾಗಿರುವ ಪ್ರದೇಶದಲ್ಲಿ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ 5 ಮೈಲಿಗಿಂತ ಹೆಚ್ಚು ದೂರವಿರಬಾರದು ಎಂಬುದು ಅವರ ಗುರಿಗಳಲ್ಲೊಂದು. ಎಂದರೆ ಅವರು ಅಳತೆಯ ಸರಪಳಿಯ ಒಂದು ತುದಿಯನ್ನು ಹಳ್ಳಿಯಲ್ಲಿ ಇಟ್ಟುಕೊಂಡು ಎಣಿಸಿದರು. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಅಳತೆಯೂ ಇಂಥದೇ: ಬಯಲುಸೀಮೆಯಲ್ಲಿ 500 ಜನ, ಗುಡ್ಡಗಾಡಿನಲ್ಲಿ 250 ಜನ ಇರುವ ನೆಲೆಗೂ ಎಲ್ಲ ಕಾಲಕ್ಕೂ ಆಗಿಬರುವ ರಸ್ತೆಯಿರಬೇಕು. ಹೆದ್ದಾರಿಯ ವಿಷಯಕ್ಕೆ ಬಂದರೆ ಅಳತೆ ಬೇರೆಯಾಗುತ್ತದೆ. ದಿನಕ್ಕೆ ಎಷ್ಟು ಕಿಲೋಮೀಟರು ಮುಗಿಯಿತು ಎಂಬುದೇ ಅಲ್ಲಿನ ಹೆಮ್ಮೆಯ ಲೆಕ್ಕ. 2020–21ರಲ್ಲಿ ಆ ಸರಾಸರಿ ದಿನಕ್ಕೆ 36 ಕಿಲೋಮೀಟರನ್ನು ಮೀರಿತು. ದೊಡ್ಡ ಸಾಧನೆಯೇ ಸರಿ. ಆದರೆ ಅದು ಉದ್ದದ ಸಾಧನೆ. ಎಷ್ಟು ಊರುಗಳಲ್ಲಿ ಜನ ಭಯವಿಲ್ಲದೆ ಆಚೆ ಬದಿಗೆ ದಾಟಬಲ್ಲರು ಎಂಬ ದಿನದ ಲೆಕ್ಕವನ್ನು ಯಾರೂ ಸಾರುವುದಿಲ್ಲ.

ಆ ಲೆಕ್ಕ ನಮಗೆ ಬೇರೆ ರೂಪದಲ್ಲಿ ಬಂದು ಮುಟ್ಟುತ್ತದೆ. 2022ನೆಯ ಇಸವಿಯೊಂದರಲ್ಲೇ ನಮ್ಮ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ 36ರಷ್ಟು ಸಾವು ರಾಷ್ಟ್ರೀಯ ಹೆದ್ದಾರಿಗಳ ಮೇಲೆ ಆಯಿತು. ದೇಶದ ಎಲ್ಲ ರಸ್ತೆಗಳಲ್ಲಿ ಆ ವರ್ಷ ಪ್ರಾಣಬಿಟ್ಟ ಪಾದಚಾರಿಗಳೇ 32,825 ಮಂದಿ. ಇವರಲ್ಲಿ ಯಾರೂ ವೇಗಕ್ಕಾಗಿ ಹೊರಟವರಲ್ಲ. ಕೇಂದ್ರ ಸಾರಿಗೆ ಇಲಾಖೆ ಅಪಾಯದ ಜಾಗಗಳನ್ನು ಗುರುತಿಸುತ್ತ ಬಂದಿರುವ ಕ್ರಮವೊಂದಿದೆ: ಸುಮಾರು 500 ಮೀಟರಿನೊಳಗೆ ಮೂರು ವರ್ಷಗಳಲ್ಲಿ ಸಾವನ್ನೋ ತೀವ್ರ ಗಾಯವನ್ನೋ ತಂದ ಐದು ಅಪಘಾತಗಳಾಗಿರಬೇಕು, ಇಲ್ಲವೆ ಹತ್ತು ಜನ ಸತ್ತಿರಬೇಕು, ಆಗ ಆ ಜಾಗಕ್ಕೆ 'ಬ್ಲಾಕ್ ಸ್ಪಾಟ್' ಎಂಬ ಹೆಸರು ಬರುತ್ತದೆ, ಹೆಸರು ಬಂದ ಮೇಲೆ ರಿಪೇರಿಯ ಮಾತು ಬರುತ್ತದೆ. ಹಣ ಮಿತವಾಗಿರುವಾಗ ಯಾವುದು ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸಲು ಇಂಥದೊಂದು ಎಣಿಕೆ ಬೇಕಾಗುವುದು ನಿಜ. ಆದರೂ ಎರಡೋ ಮೂರೋ ಸಾವನ್ನು ಕಂಡ ಊರಿನವರು ಈ ನಿಯಮವನ್ನು ಹೇಗೆ ಓದಿಕೊಂಡಾರು? ಊರಿನ ನಡುವೆ ದಾರಿ ಹಾಯುತ್ತದೆಂದು ನಕ್ಷೆ ಬರೆದ ದಿನವೇ ಗೊತ್ತಿತ್ತು. ಜನ ಅಲ್ಲಿ ದಾಟಿಯೇ ದಾಟುವರೆಂಬುದೂ ಗೊತ್ತಿತ್ತು. ಗೊತ್ತಿದ್ದುದನ್ನು ಸಾವುಗಳ ಎಣಿಕೆಯಿಂದ ಮತ್ತೆ ತಿಳಿದುಕೊಳ್ಳುವುದು ಅಜ್ಞಾನವಲ್ಲ, ಅಲಕ್ಷ್ಯ.

ನಮಗೆ ಹತ್ತಿರದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೆಂಗಳೂರು–ಮೈಸೂರು ನಡುವಣ ಸುಮಾರು 118 ಕಿಲೋಮೀಟರಿನ ಹೊಸ ಹೆದ್ದಾರಿ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಮೂರು ಗಂಟೆಯ ಪ್ರಯಾಣ ಒಂದೂಕಾಲು ಗಂಟೆಗೆ ಇಳಿಯುವುದೆಂದು ಸಾರಲಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸುಗಳು ಪಕ್ಕಕ್ಕೆ ಸರಿಸಿದವು. ಮೊದಲ ತಿಂಗಳುಗಳಲ್ಲಿ ಅಪಘಾತಗಳು ಹೆಚ್ಚಿದಾಗ, ಆ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರಾಕ್ಟರು, ಎತ್ತಿನ ಗಾಡಿ ಮುಂತಾದುವನ್ನು ನಿಷೇಧಿಸಲಾಯಿತು.

ಈ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ತೂಗಬೇಕು. ಚನ್ನಪಟ್ಟಣದ ಬೊಂಬೆಯ ಅಂಗಡಿಗಳು, ಮದ್ದೂರಿನ ವಡೆಯ ಹೋಟೆಲುಗಳು ದಾರಿಹೋಕರನ್ನೇ ನೆಚ್ಚಿಕೊಂಡಿದ್ದವು. ಬೈಪಾಸಿನಿಂದ ಅವುಗಳಿಗೆ ಪೆಟ್ಟು ಬಿದ್ದಿತು. ಇದು ನಷ್ಟ, ಮರುಗಬೇಕಾದ ನಷ್ಟ. ಆದರೆ ಇದನ್ನು ಅನ್ಯಾಯವೆಂದು ಕರೆಯುವುದು ಕಷ್ಟ. ದಾರಿಯಲ್ಲಿ ಹೋಗುವವನು ನನ್ನ ಬಾಗಿಲಲ್ಲಿ ನಿಲ್ಲಲೇಬೇಕೆಂದು ಕೇಳುವ ಹಕ್ಕು ಯಾರಿಗೂ ಇರಲಾರದು. ರೈಲು ಬಂದಾಗ ಗಾಡಿಯವರ ಸತ್ರಗಳು ಬರಿದಾದವು. ಅದನ್ನು ಯಾರೂ ತಡೆಯಲಾಗಲಿಲ್ಲ. ನಿಷೇಧದ ವಿಷಯ ಬೇರೆ. ನೂರು ಕಿಲೋಮೀಟರು ವೇಗದ ಕಾರಿನ ಪಕ್ಕದಲ್ಲಿ ಟ್ರಾಕ್ಟರು ಹೋಗಬಾರದೆಂಬುದು ಟ್ರಾಕ್ಟರಿನವನ ಪ್ರಾಣದ ದೃಷ್ಟಿಯಿಂದಲೂ ಸರಿಯೇ. ಆದರೆ ನಿನ್ನೆಯವರೆಗೆ ಅವನೂ ನಡೆದಾಡುತ್ತಿದ್ದ ದಾರಿ ಅದು. ಅದರ ಪಕ್ಕದ ಹೊಲ ಅವನದು. ಅವನನ್ನು ಮುಖ್ಯ ಪಥದಿಂದ ಇಳಿಸಿದ ಮೇಲೆ ಅವನಿಗೆ ಬಿಟ್ಟ ಸರ್ವಿಸ್ ರಸ್ತೆ ತುಂಡಾಗದೆ, ಗುಂಡಿ ಬೀಳದೆ, ಮಳೆನೀರಿನಲ್ಲಿ ಮುಳುಗದೆ ಇರಬೇಕು. ಹಾಗಿದ್ದರೆ ನಿಷೇಧ ನ್ಯಾಯ; ಹಾಗಿಲ್ಲವಾದರೆ ಅದು ಬಡವನನ್ನು ದಾರಿಯಿಂದ ಪಕ್ಕಕ್ಕೆ ಸರಿಸುವ ಹಳೆಯ ಪದ್ಧತಿಯ ಹೊಸ ರೂಪ. ಸಂವಿಧಾನ ಜಾತಿಯ ಹೆಸರಿನಲ್ಲಿ ಮುಚ್ಚಬಾರದೆಂದ ದಾರಿಯನ್ನು ವೇಗದ ಹೆಸರಿನಲ್ಲಿ ಮುಚ್ಚುವಾಗ, ಬದಲಿ ದಾರಿಯೂ ಅಷ್ಟೇ ಮರ್ಯಾದೆಯುಳ್ಳದ್ದಾಗಿರುವಂತೆ ನೋಡಿಕೊಳ್ಳುವುದು ಮುಚ್ಚಿದವನ ಹೊಣೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಅದು ಬಲವಾದ ಆಕ್ಷೇಪಣೆಯೇ. 'ಲಕ್ಷ ಜನಕ್ಕೆ ಒಂದೊಂದು ಗಂಟೆ ಉಳಿಯುತ್ತದೆ. ನೂರು ಜನ ಒಂದೊಂದು ಮೈಲಿ ಸುತ್ತಿ ಹೋಗಬೇಕಾಗುತ್ತದೆ. ಬಹುಜನರ ಹಿತಕ್ಕಾಗಿ ಕೆಲವರು ಸಹಿಸಬೇಡವೆ? ಬಡ ದೇಶ ಮೇಲೇಳಬೇಕಾದರೆ ಇಂಥ ಸೂಕ್ಷ್ಮಗಳಿಗೆಲ್ಲ ಪುರಸತ್ತೆಲ್ಲಿ?' ಎಂದು ಕೇಳುವವರಿದ್ದಾರೆ. ಕೂಡುವ ಲೆಕ್ಕದಲ್ಲಿ ಅವರದು ತಪ್ಪಿಲ್ಲ. ಆದರೆ ಒಂದನ್ನು ಗಮನಿಸಬೇಕು. ಆ ಲಕ್ಷ ಗಂಟೆಗಳನ್ನು ಒಟ್ಟಿಗೆ ಅನುಭವಿಸುವ ಮನುಷ್ಯ ಎಲ್ಲೂ ಇಲ್ಲ. ಒಬ್ಬೊಬ್ಬನಿಗೆ ಸಿಕ್ಕಿದ್ದು ಒಂದೇ ಗಂಟೆ, ಅದನ್ನು ಅವನು ಸಂಜೆಯೊಳಗೆ ಮರೆತೂಬಿಡುತ್ತಾನೆ. ಕಳೆದುಕೊಂಡವನ ಕಥೆ ಹಾಗಲ್ಲ. ಹೊಲ ಹೋದವನಿಗೆ ಇಡೀ ಹೊಲ ಹೋಗುತ್ತದೆ. ಮಗು ಹೋದವಳಿಗೆ ಇಡೀ ಮಗು ಹೋಗುತ್ತದೆ. ಲಾಭ ಹಂಚಿಹೋಗಿ ತೆಳುವಾಗುತ್ತದೆ. ನಷ್ಟ ಒಂದೇ ಅಂಗಳದಲ್ಲಿ ಬಂದು ಕೂರುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಮುಳ್ಳು ಯಾವ ಕಡೆ ವಾಲಿತೆಂದು ನೋಡಿದರೆ ತೂಕವೇನೋ ಆಯಿತು, ನ್ಯಾಯವಾಯಿತೆಂದು ಹೇಳುವಂತಿಲ್ಲ. ಬಹುಜನ ಹಿತ ಎಂಬ ಕಾರಣದಿಂದ ಒಬ್ಬನ ನೆಲವನ್ನು ತೆಗೆದುಕೊಳ್ಳಬಹುದು. ತೆಗೆದುಕೊಂಡುದನ್ನು ಮರೆಯುವುದಕ್ಕೆ ಆ ಕಾರಣ ಸಾಲದು.

ನೆಲ ತೆಗೆದುಕೊಳ್ಳುವ ನಮ್ಮ ಕಾನೂನಿನ ಚರಿತ್ರೆಯಲ್ಲಿ ಈ ಮರೆವು ಚೆನ್ನಾಗಿ ಕಾಣುತ್ತದೆ. ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆ 1956ರದು. 1997ರಲ್ಲಿ ಅದಕ್ಕೆ ತಿದ್ದುಪಡಿ ಮಾಡಿ, ಹೆದ್ದಾರಿಗೆ ಬೇಕಾದ ನೆಲವನ್ನು ಬೇಗ ವಶಪಡಿಸಿಕೊಳ್ಳುವ ಏರ್ಪಾಟನ್ನು ಸೇರಿಸಿದರು. ಪ್ರಕಟಣೆ ಹೊರಟ ಮೇಲೆ ಆಕ್ಷೇಪಣೆ ಸಲ್ಲಿಸಲು 21 ದಿನ. ಆಗ ಜಾರಿಯಲ್ಲಿದ್ದ 1894ರ ಸಾಮಾನ್ಯ ಭೂಸ್ವಾಧೀನ ಕಾಯಿದೆಯಲ್ಲಿ, ಮಾರುಕಟ್ಟೆಯ ಬೆಲೆಯ ಮೇಲೆ ನೂರಕ್ಕೆ 30ರಂತೆ 'ಸೊಲೇಷಿಯಂ' ಎಂದು ಇನ್ನಷ್ಟು ಹಣ ಕೊಡಬೇಕಾಗಿತ್ತು. ಮನಸ್ಸಿಲ್ಲದೆ ಬಿಟ್ಟುಕೊಡಬೇಕಾಗಿ ಬಂದವನಿಗೆ ಸಮಾಧಾನ ಹೇಳುವ ಹಣ ಅದು. ಹೆದ್ದಾರಿಯ ಕಾಯಿದೆಯಲ್ಲಿ ಅದನ್ನು ಕೈಬಿಟ್ಟರು. ಪರಿಣಾಮವೇನು? ಅಕ್ಕಪಕ್ಕದ ಎರಡು ಹೊಲ. ಒಂದೇ ಮಣ್ಣು, ಒಂದೇ ಬೆಳೆ. ಒಂದು ಆಸ್ಪತ್ರೆಗೆ ಹೋದರೆ ಅದರ ಒಡೆಯನಿಗೆ ಸಮಾಧಾನದ ಹಣವುಂಟು. ಇನ್ನೊಂದು ಹೆದ್ದಾರಿಗೆ ಹೋದರೆ ಅದರ ಒಡೆಯನಿಗೆ ಇಲ್ಲ. ಎತ್ತಿಕೊಂಡವನ ಉದ್ದೇಶವನ್ನು ನೋಡಿ ಕಳೆದುಕೊಂಡವನ ದುಃಖದ ಬೆಲೆ ಕಟ್ಟಿದಂತಾಯಿತು. 2013ರ ಹೊಸ ಭೂಸ್ವಾಧೀನ ಕಾಯಿದೆ ಸೊಲೇಷಿಯಮ್ಮನ್ನು ನೂರಕ್ಕೆ ನೂರಕ್ಕೆ ಏರಿಸಿತು. ಅದರ ಪರಿಹಾರದ ಕ್ರಮ 2015ರ ಆರಂಭದಿಂದ ಹೆದ್ದಾರಿಗಳಿಗೂ ಅನ್ವಯಿಸಿತು. ನಡುವಣ ವರ್ಷಗಳಲ್ಲಿ ನೆಲ ಕಳೆದುಕೊಂಡವರ ಮಾತು ಉಳಿದಿತ್ತು. 2019ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ಭೇದ ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ತೀರ್ಪಿತ್ತು, ಅವರಿಗೂ ಸೊಲೇಷಿಯಂ ಮತ್ತು ಬಡ್ಡಿ ಸಲ್ಲಬೇಕೆಂದಿತು. ಒಂದು ಸರಳವಾದ ನ್ಯಾಯವನ್ನು ಕಾಣುವುದಕ್ಕೆ ನಮಗೆ 22 ವರ್ಷ ಹಿಡಿಯಿತು. ಆ ವೇಳೆಗೆ ಸುವರ್ಣ ಚತುಷ್ಪಥದ ಕೆಲಸ ಮುಗಿದು ಏಳು ವರ್ಷಗಳಾಗಿದ್ದವು.

ಸರ್ಕಾರದ ಭಾಷೆಯಲ್ಲಿ ಇದಕ್ಕೆಲ್ಲ 'ಪರಿಹಾರ' ಎಂದು ಹೆಸರು. ಪರಿಹಾರವೆಂದರೆ ಕಳೆಯುವುದು, ನಿವಾರಿಸುವುದು. ಪಾಪಪರಿಹಾರವಾದ ಮೇಲೆ ಪಾಪವಿಲ್ಲ. ಹಣ ಸಂದಾಯವಾದ ಮೇಲೆ ಹೊಣೆಯಿಲ್ಲ. ನಮ್ಮಲ್ಲಿ ಇನ್ನೊಂದು ಮಾತಿದೆ, 'ಋಣ'. ತಾಯಿಯ ಋಣ, ಅನ್ನದ ಋಣ, ನೆಲದ ಋಣ ಎನ್ನುತ್ತೇವಲ್ಲ, ಅವು ರಸೀದಿ ಬರೆದು ಮುಗಿಸುವಂಥವಲ್ಲ. ಹಣ ಕೊಟ್ಟರೂ ತೀರುವುದಿಲ್ಲವೆಂದ ಮಾತ್ರಕ್ಕೆ ಹಣ ಕೊಡಬೇಕಾಗಿಲ್ಲವೆಂದಲ್ಲ. ಹಣ ಕೊಟ್ಟ ಮೇಲೂ ನಡೆದುಕೊಳ್ಳುವ ರೀತಿಯೊಂದು ಉಳಿಯುತ್ತದೆ ಎಂದು ಅರ್ಥ. ಹೆದ್ದಾರಿಯ ವಿಷಯದಲ್ಲಿ ನಮಗೆ ಬೇಕಾಗಿರುವುದು ಈ ಎರಡನೆಯ ಮಾತು. ಕೊಟ್ಟವನು ಮನಸ್ಸಾರೆ ಕೊಟ್ಟಿದ್ದರೆ ಅದು ದಾನವಾಗುತ್ತಿತ್ತು, ಒಂದು ನಮಸ್ಕಾರದಿಂದ ಮುಗಿಯುತ್ತಿತ್ತೋ ಏನೋ. ಕಾನೂನಿನ ಬಲದಿಂದ ತೆಗೆದುಕೊಂಡದ್ದಾದ್ದರಿಂದಲೇ ಋಣ ಹೆಚ್ಚಿನದು.

ಇಂಥ ಋಣವನ್ನು ತೀರಿಸುವ ದಾರಿಯೇ ನಮಗೆ ಗೊತ್ತಿಲ್ಲವೆ? ಗೊತ್ತಿದೆ ಎಂಬುದಕ್ಕೆ ಸಾಕ್ಷಿ ಇದೆ. ಬಂಡೀಪುರದ ಕಾಡನ್ನು ಹಾಯುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನು 2009ರಲ್ಲಿ ನಿಲ್ಲಿಸಲಾಯಿತು. 2010ರಲ್ಲಿ ರಾಜ್ಯದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ರಾಷ್ಟ್ರೀಯ ಹೆದ್ದಾರಿಯೊಂದು ಆನೆ ಜಿಂಕೆಗಳಿಗಾಗಿ ರಾತ್ರಿಯಿಡೀ ಕಣ್ಣು ಮುಚ್ಚಿಕೊಂಡಿತು, ದೇಶವೇನೂ ಮುಳುಗಲಿಲ್ಲ. ನಮ್ಮ ಹೆಬ್ಬಾಳದ ಮೇಲೆ ಹಾದುಹೋಗುವ 44ನೆಯ ಹೆದ್ದಾರಿಯೇ ಉತ್ತರದಲ್ಲಿ ನಾಗಪುರದ ಆಚೆ ಪೆಂಚ್ ಕಾಡನ್ನು ಹಾಯುತ್ತದೆ. ಅಲ್ಲಿ ದಾರಿಯನ್ನು ಕಂಬಗಳ ಮೇಲೆ ಎತ್ತಿ, ಕೆಳಗೆ ಕಾಡುಪ್ರಾಣಿಗಳಿಗೆ ಎಡೆ ಬಿಟ್ಟಿದ್ದಾರೆ. ಹುಲಿಗಳು ಆ ಸೇತುವೆಗಳ ಕೆಳಗೆ ನಿರಾತಂಕವಾಗಿ ದಾಟುವುದನ್ನು ಕ್ಯಾಮೆರಾಗಳು ಹಿಡಿದಿವೆ. ಮಾಗಡಿ ಸೀಮೆಯಲ್ಲಿ ಹುಲಿಕಲ್ಲಿನಿಂದ ಕುದೂರಿನವರೆಗೆ ಸಾಲುಮರದ ತಿಮ್ಮಕ್ಕನವರು ಗಂಡನೊಡನೆ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಆಲದ ಮರಗಳಿಗೆ 2019ರಲ್ಲಿ ರಸ್ತೆ ಅಗಲಗೊಳಿಸುವ ಯೋಜನೆಯಿಂದ ಅಪಾಯ ಬಂದಾಗ, ಮರಗಳನ್ನು ಉಳಿಸುವುದಾಗಿ ಸರ್ಕಾರ ಅವರಿಗೆ ಮಾತು ಕೊಟ್ಟಿತು. ಎಂದರೆ, ಮನಸ್ಸಿದ್ದರೆ ದಾರಿ ಬಾಗಬಲ್ಲದು, ಏಳಬಲ್ಲದು, ಹೊತ್ತು ನೋಡಿ ನಿಲ್ಲಲೂ ಬಲ್ಲದು. ಹುಲಿಗೆ ಬಿಟ್ಟ ಎಡೆಯನ್ನು ಶಾಲೆಯ ಮಗುವಿಗೆ ಬಿಡುವುದು ವಿದ್ಯೆಗೆ ಮೀರಿದ ಕೆಲಸವಾಗಲಾರದು.

ದಾರಿ ಕಟ್ಟುವವರ ಋಣವೂ ಒಂದಿದೆ. ಸುವರ್ಣ ಚತುಷ್ಪಥದ ಕೆಲಸದಲ್ಲಿದ್ದ ಸತ್ಯೇಂದ್ರ ದುಬೆ ಎಂಬ ತರುಣ ಎಂಜಿನಿಯರು ಕಾಮಗಾರಿಯ ಅವ್ಯವಹಾರಗಳನ್ನು ಕುರಿತು 2002ರಲ್ಲಿ ಪ್ರಧಾನಮಂತ್ರಿಗಳಿಗೆ ಪತ್ರ ಬರೆದರು, ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಕೇಳಿಕೊಂಡರು. ಪತ್ರ ಹೆಸರಿನೊಡನೆಯೇ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರು ಗುಂಡಿಗೆ ಬಲಿಯಾದರು. ದರೋಡೆಗಾಗಿ ಕೊಂದರೆಂದು ತನಿಖೆ ಹೇಳಿತು. 2010ರಲ್ಲಿ ಮೂವರಿಗೆ ಶಿಕ್ಷೆಯಾಯಿತು. ಕೊಲೆಯ ಕಾರಣ ಏನೇ ಇರಲಿ, ಗುಟ್ಟಾಗಿಡಿ ಎಂದವನ ಹೆಸರು ಗುಟ್ಟಾಗಿ ಉಳಿಯಲಿಲ್ಲವೆಂಬುದು ಉಳಿಯುತ್ತದೆ. ರೈತ ಬಿಟ್ಟುಕೊಟ್ಟ ನೆಲದ ಮೇಲೆ ಕಳಪೆ ರಸ್ತೆ ಹಾಸಿದರೆ ಆ ರೈತನಿಂದ ಎರಡು ಸಲ ಕದ್ದಂತೆ. ಅದನ್ನು ಕಂಡು ಸುಮ್ಮನಿರಲಾರೆನೆಂದವನು ಆ ರೈತನ ಪರವಾಗಿ, ನಮ್ಮೆಲ್ಲರ ಪರವಾಗಿ ಮಾತಾಡಿದ. ನುಣ್ಣನೆಯ ದಾರಿಯ ಮೇಲೆ ಓಡುವಾಗ ನೆನೆಯಬೇಕಾದವರಲ್ಲಿ ಅವನೂ ಒಬ್ಬ.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಮಾತುಗಳೇನೂ ಬೇಡ. ಮೇಲಿನ ಪಥ ತೆರೆಯುವ ಮೊದಲೇ ಊರಿನವರು ದಾಟುವ ಕೆಳದಾರಿ ತೆರೆದಿರಲಿ. ಸುಂಕದಕಟ್ಟೆ ಏಳುವ ಮೊದಲೇ ಸರ್ವಿಸ್ ರಸ್ತೆ ಮುಗಿದಿರಲಿ. ಬುಲ್‌ಡೋಜರು ಬರುವ ಮೊದಲೇ ನೆಲದ ಹಣ ಕೈಸೇರಲಿ. ಇವು ಸರ್ಕಾರದ ಪಾಲಿನ ಕೆಲಸ. ನಮ್ಮ ಪಾಲಿನದೂ ಇದೆ. ಸುಂಕ ಕೊಟ್ಟಿದ್ದೇನೆ, ದಾರಿ ನನ್ನದು ಎಂಬ ಭಾವನೆ ಕಾರಿನಲ್ಲಿ ಕುಳಿತ ನಮ್ಮಲ್ಲಿ ಬಹಳ ಬೇಗ ಬೇರೂರುತ್ತದೆ. ಸುಂಕದಿಂದ ಡಾಂಬರಿನ ಸಾಲ ತೀರಬಹುದು. ಕೆಳಗಿನ ಮಣ್ಣಿನದು ತೀರಿತೆನ್ನಲಾಗದು. ಊರು ಬಂದಲ್ಲಿ ವೇಗ ತಗ್ಗಿಸುವುದು, ದಾಟಲು ನಿಂತ ಮುದುಕಿಗೆ ಹಾರ್ನ್ ಮಾಡದೆ ದಾರಿ ಬಿಡುವುದು, ಬಿದ್ದವನನ್ನು ಕಂಡು ನಿಲ್ಲುವುದು, ಇವೇ ನಾವು ಕಟ್ಟಬಲ್ಲ ಕಂತುಗಳು. ಗಾಯಗೊಂಡವನಿಗೆ ನೆರವಾದವರನ್ನು ಪೀಡಿಸಕೂಡದೆಂದು ಸುಪ್ರೀಂ ಕೋರ್ಟು 2016ರಲ್ಲಿ ನಿಯಮಗಳನ್ನು ಊರ್ಜಿತಗೊಳಿಸಿತು. 2019ರ ಮೋಟಾರು ವಾಹನ ತಿದ್ದುಪಡಿ ಅದನ್ನು ಕಾಯಿದೆಯಲ್ಲೇ ಸೇರಿಸಿತು. ಇನ್ನು ನಿಲ್ಲದೆ ಹೋಗುವುದಕ್ಕೆ ಕಾನೂನಿನ ಭಯವೆಂಬ ನೆಪವೂ ಉಳಿದಿಲ್ಲ.

ಅಶೋಕ ಚಕ್ರವರ್ತಿ ತನ್ನ ಸ್ತಂಭಶಾಸನವೊಂದರಲ್ಲಿ ದಾರಿಗಳ ವಿಷಯ ಹೇಳಿದ್ದಾನೆ. ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ಆಲದ ಮರಗಳನ್ನು ನೆಡಿಸಿದ್ದು, ಮಾವಿನ ತೋಪುಗಳನ್ನು ಬೆಳೆಸಿದ್ದು, ಬಾವಿ ತೋಡಿಸಿದ್ದು, ತಂಗುದಾಣ ಕಟ್ಟಿಸಿದ್ದು, ಎಲ್ಲವನ್ನೂ ಎಣಿಸಿದ ಮೇಲೆ ಅವನು ಒಂದು ವಿಚಿತ್ರವಾದ ಮಾತನ್ನು ಸೇರಿಸುತ್ತಾನೆ: ಇದೆಲ್ಲ ಅಲ್ಪವಾದ ಸುಖ, ಹಿಂದಿನ ರಾಜರೂ ಇಂಥವನ್ನು ಕೊಟ್ಟಿದ್ದಾರೆ; ತಾನು ಇವನ್ನು ಮಾಡಿಸಿದ್ದು ಜನ ಧರ್ಮದಂತೆ ನಡೆಯಲೆಂದು. ದಾರಿ ಕಟ್ಟಿಸಿದವನೇ ದಾರಿಯನ್ನು ಅಲ್ಪವೆಂದ ಈ ಮಾತು ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಹಳೆಯದು. ನಾವು ಅವನಿಗಿಂತ ಅಗಲವಾದ, ಬಲವಾದ, ವೇಗವಾದ ದಾರಿಗಳನ್ನು ಕಟ್ಟಿದ್ದೇವೆ. ಇನ್ನೂ ಕಟ್ಟುತ್ತೇವೆ, ಕಟ್ಟಬೇಕು. ಆ ದಾರಿಯಲ್ಲಿ ಹೋಗುವವರು ಹೇಗೆ ನಡೆದುಕೊಳ್ಳುತ್ತಾರೆ, ದಾರಿಯ ಪಕ್ಕದಲ್ಲಿ ಇರುವವರು ಹೇಗೆ ಬಾಳುತ್ತಾರೆ ಎಂಬುದನ್ನೂ ರಸ್ತೆಯ ಲೆಕ್ಕದೊಳಗೆ ಸೇರಿಸಿಕೊಂಡ ದಿನ, ಅದು ಹೆಸರಿಗೆ ತಕ್ಕ ಹಿರಿಯ ದಾರಿಯಾದೀತು.